ಅಳತೆಯ ನೀರು

ನಂಜನಗೂಡು
16-12-2024

ಪ್ರೀತಿಯ ಕೋಮಲ,

ನನ್ನ ಅಕ್ಷರ ಚೆನ್ನಾಗಿಲ್ಲ, ತಪ್ಪುಗಳೂ ಇರುತ್ತವೆ, ಕ್ಷಮಿಸು. ಐದನೇ ಕ್ಲಾಸು ಬಿಟ್ಟ ಮೇಲೆ ನಾನು ಬರೆದದ್ದೆಂದರೆ ಫ್ಯಾಕ್ಟರಿಯಲ್ಲಿ ಸಹಿ ಮಾತ್ರ. ನೀನು ನಗುತ್ತೀಯ ಅಂತ ಗೊತ್ತು, ನಕ್ಕೇ ಓದು. ನಿನ್ನ ಫೋನ್ ಸ್ವಿಚ್ ಆಫ್ ಬರುತ್ತಿದೆ. ನಿಮ್ಮಣ್ಣನ ನಂಬರಿಗೆ ಮಾಡಿದೆ. ಅವರು "ಯಾರು?" ಎಂದ ಕೂಡಲೇ ಹೆದರಿ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ.

ಓಟದ ಮಾರನೆಯ ದಿನ ನೀನು ಬಸ್ ಹತ್ತುವಾಗ, ಮೈಕೈ ನೋವು, ನಾಲ್ಕು ದಿನ ಅವ್ವನ ಹತ್ತಿರ ಬಿಸಿನೀರು ಹುಯ್ಯಿಸಿಕೊಂಡು ಬರುತ್ತೇನೆ ಎಂದಿದ್ದೆ. ಫ್ಯಾಕ್ಟರಿಯಲ್ಲಿ ನಿನ್ನ ಹೊಲಿಗೆ ಮೆಷಿನ್ ಮುಂದೆ ಈಗ ಬೇರೆಯವರು ಕೂತಿದ್ದಾರೆ. ರೂಮಿನಲ್ಲಿ ನಿನ್ನ ಚಾಪೆಯನ್ನು ನಾನು ಮುಟ್ಟಿಲ್ಲ. ಪದಕ ಎರಡನ್ನೂ ಒಂದೇ ಮೊಳೆಗೆ ಹಾಕಿದ್ದೇನೆ.

ಇಪ್ಪತ್ತೊಂದು ಕಿಲೋಮೀಟರ್ ನಾವು ಓಡಿದೆವು ಎಂದು ಈಗಲೂ ನಂಬಿಕೆ ಬರುವುದಿಲ್ಲ. ಫ್ಯಾಕ್ಟರಿ ಗೇಟಿನ ಮೇಲೆ ಕಟ್ಟಿದ್ದ ಓಟದ ಬ್ಯಾನರ್ ನೋಡಿ ನೀನು "ಬಾರೇ, ಹೆಸ್ರು ಕೊಡವ" ಎಂದಾಗ ತಮಾಷೆ ಅಂದುಕೊಂಡಿದ್ದೆ. ನಮ್ಮ ಹದಿನಾರು ಗ್ರಾಮದ ಹತ್ತಿರ ಅಪ್ಪ ರಸ್ತೆ ಬದಿ ನಿಂತು ಕೂಗಿದ್ದು ನೆನಪಿದೆಯಾ? "ಏಯ್ ರೋಜಾ, ಯಾರವ್ವಾ ನಿಮ್ನ ಅಟ್ಟುಸ್ಕ ಬತ್ತಾ ಇರೋದು? ನಿಂತ್ಕೊ, ನಾ ನೋಡ್ಕತೀನಿ!" ನೀನು ಓಡುತ್ತಲೇ ತಿರುಗಿ, "ಯಾರೂ ಇಲ್ಲ ಕಣಪ್ಪೋ, ನಾವೇ ಯಾರ್ನೋ ಅಟ್ಟುಸ್ಕ ಓಯ್ತಾ ಇದೀವಿ" ಎಂದೆ. ಅವ್ವ ಮಜ್ಜಿಗೆ ಚೊಂಬು ಹಿಡಿದು ನಾಲ್ಕು ಹೆಜ್ಜೆ ಹಿಂದೆಯೇ ಓಡಿಬಂದಳು. ನಾನು ಬೇಡ ಎಂದು ಕೈ ಆಡಿಸಿದೆ. ನೀನೂ ಆಡಿಸಿದೆ.

ಓಟ ಮುಗಿದ ಮೇಲೆ ನೀನು ಅಲ್ಲಿ ಹಾಕಿದ್ದ ಟೆಂಟಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡಿದ್ದು ಬಿಸಿಲಿಗೇ ಇರಬೇಕು. ಈಗ ಹೇಗಿದ್ದೀಯ?

ನಿನ್ನನ್ನು ಬಸ್ ಹತ್ತಿಸಿ ಆ ಸೋಮವಾರ ನಾನು ಫ್ಯಾಕ್ಟರಿ ಒಳಗೆ ಹೋದಾಗ ಲೈನಿನವರೆಲ್ಲ ಚಪ್ಪಾಳೆ ತಟ್ಟಿದರು. ಸೂಪರ್‌ವೈಸರ್ ರಾಜೇಂದ್ರ ಕೂಡ, "ಏನಮ್ಮ, ಮಾತೇ ಆಡ್ದೋಳು ಮೈಸೂರ್ ಗಂಟ ಓಡ್ತೀಯಂತೆ" ಎಂದ. ನಾನು ತಲೆ ತಗ್ಗಿಸಲಿಲ್ಲ. ಫೆಬ್ರವರಿ 23ಕ್ಕೆ ಮೈಸೂರಿನಲ್ಲಿ ಇನ್ನೊಂದು ಓಟವಿದೆ. ಇಬ್ಬರ ಹೆಸರನ್ನೂ ಕೊಟ್ಟುಬಿಟ್ಟಿದ್ದೇನೆ. ಬೇಗ ಬಾ.

ನಿನ್ನ
ರೋಜಾ

---

ಹೆಮ್ಮಿಗೆ
24-12-2024

ಲೇ ರೋಜಾ,

ನಿನ್ನ ಕಾಗದ ಬಂತು. ನಗಲಿಲ್ಲ. ಪೋಸ್ಟ್‌ಮ್ಯಾನ್ ನಮ್ಮ ಮನೆ ಮುಂದೆ ನಿಂತಾಗ ಅವ್ವ, "ಯಾವ ಕೋರ್ಟಿಂದ ಬಂದದಪ್ಪಾ?" ಎಂದು ಕೇಳಿದಳು. ಕಾಗದ ಎಂದರೆ ನಮ್ಮವ್ವ ಚಲುವಮ್ಮನಿಗೆ ಕೋರ್ಟು, ಇಲ್ಲದಿದ್ದರೆ ಬ್ಯಾಂಕು.

ಫೋನ್ ನೀರಿಗೆ ಬಿದ್ದು ಸತ್ತಿದೆ. ಮಾದೇಶಣ್ಣನ ನಂಬರಿಗೆ ಮಾಡಬೇಡ. ಆ ದಿನದಿಂದ ಅವನು ಅತ್ತಿಗೆಗೆ "ಯಾವ್ಳೋ ಫೋನ್ ಮಾಡಿ ಉಸ್ರು ಬುಟ್ಟು ಇಟ್ಬುಡ್ತಾಳೆ" ಎಂದು ಹೇಳಿ ಪೇಚಿಗೆ ಸಿಕ್ಕಿಕೊಂಡಿದ್ದಾನೆ.

ನಾನು ಚೆನ್ನಾಗಿದ್ದೇನೆ. ಕಾಲು ಸ್ವಲ್ಪ ಊದಿದೆ, ಅಷ್ಟೇ. ಓಡಿದ ಕಾಲಲ್ಲವೇ, ದೊಡ್ಡಸ್ತಿಕೆ ತೋರಿಸುತ್ತಿದೆ. ಈಗಲೇ ಬರಲಾಗುವುದಿಲ್ಲ. ನೀನೂ ಇಲ್ಲಿಗೆ ಬರಬೇಡ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದು ಹೋಗಿ ಮಾಡುತ್ತಿದ್ದಾರೆ. ಆ ಗಲಾಟೆಯಲ್ಲಿ ನೀನು ಬಂದರೆ ಮೂಲೆಯಲ್ಲಿ ಕೂತು ಸೆರಗು ಕಚ್ಚುತ್ತೀಯ, ನನಗೆ ನಗು ಬರುತ್ತದೆ, ಸಂಬಂಧ ತಪ್ಪಿಹೋಗುತ್ತದೆ.

ಒಂದು ಮಾತು. ನೀರು ಕುಡಿ. ಫ್ಯಾಕ್ಟರಿಯಲ್ಲೂ ಕುಡಿ, ಓಡುವಾಗಲೂ ಕುಡಿ. ನೋವಿನ ಮಾತ್ರೆ ನುಂಗಬೇಡ. ಯಾಕೆ ಏನು ಎಂದು ಕೇಳಬೇಡ. ನಾನು ನಿನಗಿಂತ ಎರಡು ವರ್ಷ ದೊಡ್ಡವಳು.

ಕೋಮಲ

---

ನಂಜನಗೂಡು
2-1-2025

ಪ್ರೀತಿಯ ಕೋಮಲ,

ಗಂಡಿನ ಕಡೆಯವರು ಬಂದಿದ್ದನ್ನು ನನಗೆ ಇಷ್ಟು ತಡವಾಗಿ ಹೇಳಿದೆ. ಇರಲಿ. ಹುಡುಗ ಯಾವ ಊರು? ಮದುವೆಯಾದ ಮೇಲೆ ಓಡಲು ಬಿಡುತ್ತಾರಾ, ಕೇಳಿದೆಯಾ?

ನೀರಿನ ವಿಷಯ ಓದಿ ನನಗೆ ನಗು ಬಂತು. ಐದು ವರ್ಷ ನನ್ನ ಪಕ್ಕದಲ್ಲಿ ಕೂತು ಕಾಲರ್ ಹೊಲಿದವಳು ನೀನೇನಾ? ಕೆಲಸಕ್ಕೆ ಸೇರಿದ ವಾರವೇ ನನ್ನ ಬಾಟಲಿ ಕಿತ್ತುಕೊಂಡು, "ಬೆಳಿಗ್ಗೆ ಬಾಯಿ ಮುಕ್ಕಳಿಸ್ಕೊ, ಸಾಕು. ಕುಡ್ದ್ರೆ ಏಳ್ಬೇಕಾಯ್ತದೆ, ಎದ್ರೆ ಪೀಸು ತಪ್ತದೆ, ಪೀಸು ತಪ್ಪಿದ್ರೆ ರಾಜೇಂದ್ರ ಮೈಕಲ್ಲಿ ಹೆಸ್ರು ಕೂಗ್ತಾನೆ" ಎಂದು ಹೇಳಿಕೊಟ್ಟವಳು ನೀನೇ. ಮಧ್ಯಾಹ್ನ ಊಟದ ಜೊತೆ ಎರಡು ಗುಟುಕು, ತಲೆ ಸಿಡಿದರೆ ಒಂದು ಮಾತ್ರೆ. ಲೈನಿನಲ್ಲಿ ನಾವೆಲ್ಲ ಹೀಗೇ ಅಲ್ಲವೇ? ಬಾತ್‌ರೂಮಿನ ಮುಂದೆ ಅವನು ವಾಚು ನೋಡುತ್ತಾ ನಿಲ್ಲುವಾಗ ಯಾರಿಗೆ ಕುಡಿಯಲು ಮನಸ್ಸು ಬರುತ್ತದೆ?

ಓಟದ ದಿನವೂ ಹಾಗೇ ಮಾಡಿದ್ದರಿಂದಲೇ ನಾವು ಮುಗಿಸಿದ್ದು ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೇನೆ. ಶೂ ಕಂಪನಿ ಬಟ್ಟೆ ಹಾಕಿಕೊಂಡು ಬಂದವರೆಲ್ಲ ಮೇಜು ಮೇಜಿಗೂ ನಿಂತು ನೀರು ಕುಡಿದು ಹಿಂದೆ ಬಿದ್ದರು. ನಾವು ಬೆಳಿಗ್ಗೆ ಎರಡೆರಡು ಮಾತ್ರೆ ನುಂಗಿ, ಎಲ್ಲೂ ನಿಲ್ಲದೆ ಓಡಿದೆವು. ಆ ರಸ್ತೆಯಲ್ಲಿ ಹೆಂಗಸರಿಗೆ ಒಂದು ಮರೆ ಎಲ್ಲಿತ್ತು ಹೇಳು.

ನಾನು ಈಗ ಬೆಳಗ್ಗೆ ನಾಲೆ ಏರಿಯ ಮೇಲೆ ಒಬ್ಬಳೇ ಓಡುತ್ತೇನೆ. ನೀನಿಲ್ಲದೆ ಹೆಜ್ಜೆಯ ಸದ್ದು ಒಂದೇ ಕೇಳುತ್ತದೆ. ಅದೊಂದೇ ಬೇಜಾರು.

ರೋಜಾ

---

ನಂಜನಗೂಡು
20-1-2025

ಕೋಮಲ,

ನಿನ್ನ ಉತ್ತರ ಬರಲಿಲ್ಲ. ಸಂಕ್ರಾಂತಿಗೆ ಬರುತ್ತೀಯ ಎಂದು ಓವರ್‌ಟೈಮ್ ಬೇಡವೆಂದು ಹೇಳಿ ರೂಮಿನಲ್ಲೇ ಇದ್ದೆ. ಬಾಗಿಲು ಸದ್ದಾದಾಗಲೆಲ್ಲ ಎದ್ದೆ. ಮನೆ ಮಾಲೀಕರು ಎಳ್ಳು ಬೆಲ್ಲ ಕೊಡಲು ಬಂದಿದ್ದರು.

ಮದುವೆ ಗೊತ್ತಾಗಿದ್ದರೆ ಹೇಳಿಬಿಡು. ನಾನು ಕೊನೆಯಲ್ಲಿ ನಿನ್ನನ್ನು ಬಿಟ್ಟು ಮುಂದೆ ಓಡಿದೆ ಎಂದು ಕೋಪವಿದ್ದರೆ ಅದನ್ನೂ ಹೇಳು. ನೀನೇ "ಓಗು ಓಗು, ನಾ ಬತ್ತೀನಿ" ಎಂದು ಬೆನ್ನಿಗೆ ಗುದ್ದಿ ಕಳಿಸಿದ್ದು. ಬೇರೆ ಯಾವ ಕೋಪ ಇದ್ದೀತು ಎಂದು ಎಷ್ಟು ಯೋಚಿಸಿದರೂ ನನಗೆ ಹೊಳೆಯುವುದಿಲ್ಲ.

ರೋಜಾ

---

ಹೆಮ್ಮಿಗೆ
29-1-2025

ರೋಜಾ,

ಕೋಪ ಇಲ್ಲ. ಮದುವೆಯೂ ಇಲ್ಲ. ಆ ಹುಡುಗ ಬೇರೆ ಕಡೆ ನೋಡಿಕೊಂಡ.

ಫೆಬ್ರವರಿಯ ಓಟಕ್ಕೆ ನಾನು ಬರುವುದಿಲ್ಲ. ನೀನೂ ಓಡಬೇಡ. ಇಬ್ಬರ ಹೆಸರನ್ನೂ ತೆಗೆಸು. ಒಂದು ಸಲ ಓಡಿದ್ದೇವೆ, ಪದಕ ಸಿಕ್ಕಿದೆ, ಸಾಕು. ನಮ್ಮಂಥವರಿಗೆ ಅದೇ ಹೆಚ್ಚು.

ಉತ್ತರ ಬರೆಯದಿದ್ದರೂ ಪರವಾಗಿಲ್ಲ. ಹೆಸರು ತೆಗೆಸಿದೆ ಎಂದು ಒಂದು ಸಾಲು ಮಾತ್ರ ಹಾಕು.

ಕೋಮಲ

---

ನಂಜನಗೂಡು
6-2-2025

ಕೋಮಲ,

ನಮ್ಮಂಥವರಿಗೆ ಎಂದು ಬರೆದೆಯಲ್ಲ, ಆ ಮಾತನ್ನು ರಾಜೇಂದ್ರ ಆಡಿದ್ದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ.

ನಿನ್ನ ಹೆಸರು ತೆಗೆಸುತ್ತೇನೆ. ನನ್ನದು ತೆಗೆಸುವುದಿಲ್ಲ. ಚಿಕ್ಕಂದಿನಿಂದ ಯಾರಾದರೂ ಗಟ್ಟಿಯಾಗಿ ಮಾತಾಡಿದರೆ ನಾನು ಬಾಗಿಲ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಓಡುವಾಗ ಮಾತ್ರ ಹಾಗೆ ಅನ್ನಿಸಲಿಲ್ಲ. ಅದನ್ನು ಕೊಟ್ಟವಳು ನೀನು. ಈಗ ನೀನೇ ವಾಪಸು ಕೇಳುತ್ತಿದ್ದೀಯ. ನೀನು ನನಗಿಂತ ಹಿಂದೆ ಬಿದ್ದೆ ಎಂದು ನಿನಗೆ ಹೊಟ್ಟೆಕಿಚ್ಚು ಇರಬಹುದು ಎಂದು ನಮ್ಮ ಲೈನಿನ ಅರ್ಪಿತ ಹೇಳಿದಳು. ನಾನು ಅವಳಿಗೆ ಬೈದೆ. ಆದರೆ ಆಮೇಲೆ ಅದನ್ನೇ ಯೋಚಿಸಿದೆ.

ಮೊದಲ ಸಲ ಹೇಗೆ ಓಡಿದೆವೋ ಹಾಗೇ ಓಡುತ್ತೇನೆ. ನೀರು ಮುಟ್ಟುವುದಿಲ್ಲ, ಎಲ್ಲೂ ನಿಲ್ಲುವುದಿಲ್ಲ. ಮೆಡಿಕಲ್ ಶಾಪಿನಿಂದ ಅದೇ ಮಾತ್ರೆ ತಂದಿಟ್ಟಿದ್ದೇನೆ.

ರೋಜಾ

---

ಹೆಮ್ಮಿಗೆ
14-2-2025

ರೋಜಾ,

ಈ ಕಾಗದ ಸಿಕ್ಕಿದ ಕೂಡಲೇ ಆ ಮಾತ್ರೆಗಳನ್ನು ಚರಂಡಿಗೆ ಹಾಕು. ಆಮೇಲೆ ಮುಂದೆ ಓದು.

ಗಂಡಿನ ಕಡೆಯವರು ಯಾರೂ ಬಂದಿರಲಿಲ್ಲ. ಓಟದ ಮಾರನೆಯ ದಿನ ಬಸ್ಸಿನಲ್ಲಿ ಬಂದು ಇಳಿದಾಗಿನಿಂದ ನನಗೆ ಮೂತ್ರ ಸರಿಯಾಗಿ ಆಗಲಿಲ್ಲ. ಆದದ್ದು ಕಾಫಿ ಡಿಕಾಕ್ಷನ್ ಬಣ್ಣದಲ್ಲಿತ್ತು. ಆಮೇಲೆ ಅದೂ ನಿಂತುಹೋಯಿತು. ಮುಖ ಊದಿತು. ಅವ್ವ, "ದೃಷ್ಟಿ ಆಗದೆ ಕಣವ್ವ, ಅಷ್ಟು ಜನದ ಮುಂದೆ ಓಡುದ್ರೆ ಆಗ್ದೆ ಇದ್ದದಾ" ಎಂದು ಮೆಣಸಿನಕಾಯಿ ನಿವಾಳಿಸಿದಳು. ಮಾದೇಶಣ್ಣ ನರಸೀಪುರದ ಆಸ್ಪತ್ರೆಗೆ ಎತ್ತಿಕೊಂಡು ಹೋದ. ಎರಡು ಕಿಡ್ನಿಯೂ ಕೆಲಸ ನಿಲ್ಲಿಸಿವೆ ಎಂದರು.

ಡಾಕ್ಟರು ವಯಸ್ಸಾದವರು. "ಆ ದಿನ ಏನು ಕುಡಿದೆ?" ಎಂದು ಕೇಳಿದರು. ಏನೂ ಇಲ್ಲ ಎಂದೆ. "ಮಾಮೂಲಿ ದಿನ ಎಷ್ಟು ಕುಡೀತೀಯ?" ಎಂದರು. ಹೇಳಿದೆ. ಎಷ್ಟು ವರ್ಷದಿಂದ, ಎಷ್ಟು ಮಾತ್ರೆ, ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈದಿದ್ದರೆ ನನಗೆ ಧೈರ್ಯವಾಗುತ್ತಿತ್ತು.

ಮೊದಲ ತಿಂಗಳು ಸರಿಹೋಗಬಹುದು ಎನ್ನುತ್ತಿದ್ದರು. ಈಗ ಹಾಗೆ ಹೇಳುವುದನ್ನು ಬಿಟ್ಟಿದ್ದಾರೆ. ವಾರಕ್ಕೆ ಮೂರು ದಿನ ಡಯಾಲಿಸಿಸ್. ರಕ್ತ ಮೆಷಿನ್ ಒಳಗೆ ಹೋಗಿ ತೊಳೆದುಕೊಂಡು ಬರುತ್ತದೆ. ನಮ್ಮ ಮೆಷಿನ್ ಹಾಗೆ ಸದ್ದು ಮಾಡುವುದಿಲ್ಲ, ಆದರೆ ಎದ್ದು ಹೋಗುವ ಹಾಗಿಲ್ಲ. ಕಿಡ್ನಿ ಯಾರಾದರೂ ಕೊಟ್ಟರೆ ಎಂದರು. ಅವ್ವನಿಗೆ ಸಕ್ಕರೆ ಕಾಯಿಲೆ, ತೆಗೆದುಕೊಳ್ಳುವುದಿಲ್ಲ. ಅಣ್ಣ ಕೊಡುತ್ತೇನೆಂದ. ಅತ್ತಿಗೆ ಎರಡು ಮಕ್ಕಳನ್ನೂ ಕರೆದುಕೊಂಡು ಬಂದು ನನ್ನ ಮಂಚದ ಮುಂದೆ ನಿಲ್ಲಿಸಿದಳು. ನಾನೇ ಅಣ್ಣನಿಗೆ ಬೇಡ ಎಂದೆ.

ಈಗ ನನಗೆ ನೀರು ಕುಡಿಯುವ ಹಾಗಿಲ್ಲ, ರೋಜಾ. ಮೈಯಲ್ಲಿ ನಿಂತುಬಿಡುತ್ತದಂತೆ. ದಿನಕ್ಕೆ ಎರಡು ಲೋಟ, ಕಾಫಿ ಸಾರು ಎಲ್ಲ ಸೇರಿ. ಅವ್ವ ಅಳೆದು ಒಂದು ತಂಬಿಗೆಯಲ್ಲಿಟ್ಟು ಮುಚ್ಚುತ್ತಾಳೆ. ಬಾಯಾರಿಕೆ ಎಂದರೆ ಏನೆಂದು ನನಗೆ ಗೊತ್ತಿತ್ತು ಅಂದುಕೊಂಡಿದ್ದೆ. ಏನೂ ಗೊತ್ತಿರಲಿಲ್ಲ.

ನಿನಗೆ ಹೇಳಿದರೆ ನೀನು ಓಡುವುದನ್ನು ಬಿಟ್ಟು ಮತ್ತೆ ತಲೆ ತಗ್ಗಿಸಿ ಕೂರುತ್ತೀಯ ಎಂದು ಹೇಳಲಿಲ್ಲ. ಹೇಳದೆ ನಿನ್ನನ್ನು ಉಳಿಸಬಹುದು ಅಂದುಕೊಂಡೆ.

ನೀನು ಬರಬೇಡ. ನನ್ನ ಮುಖ ನೋಡಬೇಡ.

ಕೋಮಲ

---

ನಂಜನಗೂಡು
3-3-2025

ಪ್ರೀತಿಯ ಕೋಮಲ,

ಹದಿನೆಂಟನೇ ತಾರೀಕು ನಿನ್ನ ಕಾಗದ ಬಂತು. ಮಾತ್ರೆ ಎಸೆದೆ. ಓಡಲಿಲ್ಲ. ಉತ್ತರ ಬರೆಯಲು ಕೂತಾಗಲೆಲ್ಲ ಪೆನ್ನು ಹಾಳೆಯ ಮೇಲೆ ನಿಂತುಬಿಡುತ್ತಿತ್ತು.

ನಿನಗೆ ಹೇಳದೆ ಒಂದು ಕೆಲಸ ಮಾಡಿದೆ. ಶನಿವಾರ ರಜೆ ಹಾಕಿ ನರಸೀಪುರದ ಆಸ್ಪತ್ರೆಗೆ ಹೋಗಿದ್ದೆ. ಆ ದಿನ ನಿನ್ನ ಸರದಿ ಇರಲಿಲ್ಲ ಎಂದು ಆಮೇಲೆ ತಿಳಿಯಿತು, ಅದೇ ಒಳ್ಳೆಯದಾಯಿತು. ಬಾಗಿಲ ಹತ್ತಿರ ಬಹಳ ಹೊತ್ತು ನಿಂತಿದ್ದೆ. ವಾಣಿ ಎಂಬ ನರ್ಸು ತಾವೇ ಬಂದು, "ಯಾರ್ ಬೇಕಮ್ಮ? ಆಗ್ಲಿಂದ ನಿಂತಿದ್ದೀಯ" ಎಂದು ಕೇಳಿದರು.

ನನ್ನ ಒಂದು ಕಿಡ್ನಿ ಕೊಡಬೇಕು ಎಂದೆ. ಜೀವನದಲ್ಲಿ ಗುರುತಿಲ್ಲದವರ ಮುಂದೆ ನಾನು ಧೈರ್ಯವಾಗಿ ಆಡಿದ ಮೊದಲ ಮಾತು ಅದು.

"ಯಾರಿಗೆ?"

"ಹೆಮ್ಮಿಗೆ ಕೋಮಲಂಗೆ."

"ನೀನು ಏನಾಗ್ಬೇಕು ಅವ್ಳಿಗೆ?"

"ಜೊತೇಲಿ ಓಡಿದ್ವಿ" ಎಂದೆ.

ಅವರು ನಗಲಿಲ್ಲ. ಸಂಬಂಧಿಕರಲ್ಲದವರು ಕೊಡುವುದು ಬಹಳ ಕಷ್ಟ, ಅದಕ್ಕೆ ಮೇಲಿನವರ ಒಪ್ಪಿಗೆ ಬೇಕು, ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು ಎಂದರು. ಹೋಗುತ್ತೇನೆ ಎಂದೆ. ಆಗ ಅವರು ನನ್ನ ಕೊರಳಿನ ಫ್ಯಾಕ್ಟರಿ ಕಾರ್ಡು ಹಿಡಿದು ನೋಡಿದರು. ನಾನು ಅದನ್ನು ತೆಗೆಯುವುದನ್ನೇ ಮರೆತಿದ್ದೆ. "ನಿಂದು ಬಿ ರಕ್ತ. ಅವ್ಳದ್ದು ಓ. ನೀ ಕೊಟ್ರೂ ಅವ್ಳ ಮೈ ತಗೊಳಲ್ಲ ಕಣವ್ವ" ಎಂದರು. ಅಷ್ಟೇ. ನಾನು ಬಸ್ಸಿನಲ್ಲಿ ಬಂದಷ್ಟು ಹೊತ್ತೂ ಅದಕ್ಕೆ ಹಿಡಿಯಲಿಲ್ಲ.

ಐದು ವರ್ಷ ಒಂದೇ ತಟ್ಟೆಯಲ್ಲಿ ಉಂಡಿದ್ದೇವೆ. ನನ್ನ ಚಪ್ಪಲಿ ನಿನಗಾಗುತ್ತಿತ್ತು, ನಿನ್ನ ರವಿಕೆ ನನಗಾಗುತ್ತಿತ್ತು.

ನಾನು ಬರಲಾ?

ರೋಜಾ

---

ಹೆಮ್ಮಿಗೆ
17-3-2025

ರೋಜಾ,

ವಾಣಿ ಸಿಸ್ಟರ್ ನನಗೆ ಹೇಳಿದರು. "ಯಾರೋ ಒಬ್ಳು ಬಂದಿದ್ಲು, ಬಾಯಲ್ಲಿ ಮಾತಿಲ್ಲ, ಕಿಡ್ನಿ ತಗೊಳಿ ಅಂತಾಳೆ" ಎಂದರು. ನೀನೇ ಎಂದು ಗೊತ್ತಾಯಿತು. ಅಲ್ಲೇ ಮೆಷಿನ್ ಹಾಕಿಸಿಕೊಂಡು ಮಲಗಿದ್ದವಳು ನಕ್ಕುಬಿಟ್ಟೆ. ಆಮೇಲೆ ಅಳು ಬಂತು. ಅತ್ತರೆ ಕೈ ಅಲುಗುತ್ತದೆ, ಸೂಜಿ ಜರುಗುತ್ತದೆ ಎಂದು ಬೈದರು.

ಇನ್ನು ನಾನು ಡಯಾಲಿಸಿಸ್‌ಗೆ ಹೋಗುವುದಿಲ್ಲ. ಹೋದ ವಾರದಿಂದ ನಿಲ್ಲಿಸಿದ್ದೇನೆ. ಅವ್ವ ಕಾಲು ಹಿಡಿದಳು, ಅಣ್ಣ ಹೊಡೆಯಲು ಕೈ ಎತ್ತಿದ, ಅತ್ತಿಗೆ ಕೂಡ ಹೋಗು ಎಂದಳು. ವಾರಕ್ಕೆ ಮೂರು ದಿನ ಅಲ್ಲಿ ಮಲಗುವುದು, ಉಳಿದ ದಿನ ಅದರ ಸುಸ್ತಿಗೆ ಇಲ್ಲಿ ಮಲಗುವುದು. ಎಲ್ಲಿಯವರೆಗೆ ಎಂದು ಕೇಳಿದರೆ ಯಾರೂ ಹೇಳುವುದಿಲ್ಲ. ಓಟದಲ್ಲಾದರೆ ಇನ್ನೆಷ್ಟು ದೂರ ಎಂದು ಬೋರ್ಡು ಹಾಕಿರುತ್ತಿದ್ದರು. ಅದನ್ನು ನೋಡಿ ಹಲ್ಲು ಕಚ್ಚಬಹುದಿತ್ತು. ಇಲ್ಲಿ ಬೋರ್ಡೇ ಇಲ್ಲ.

ನೀನು ಏನೂ ತಪ್ಪು ಮಾಡಿಲ್ಲ. ನಾನೂ ಮಾಡಿಲ್ಲ ಅಂದುಕೊಳ್ಳಲು ನೋಡುತ್ತೇನೆ. ಆಗುವುದಿಲ್ಲ. ನಿನ್ನ ಬಾಟಲಿ ಕಿತ್ತುಕೊಂಡಿದ್ದೆ ಎಂದು ನೀನೇ ಬರೆದಿದ್ದೀಯ.

ಇನ್ನು ಬರೆಯಬೇಡ. ಓದಲು ಕಣ್ಣು ಮಂಜಾಗುತ್ತದೆ.

ಕೋಮಲ

---

ನಂಜನಗೂಡು
24-3-2025

ಪ್ರೀತಿಯ ಕೋಮಲ,

ಬರೆಯಬೇಡ ಎಂದಿದ್ದೀಯ. ಬರೆಯುತ್ತಿದ್ದೇನೆ. ನಿನಗೆ ಓದಲಾಗದಿದ್ದರೆ ಮಾದೇಶಣ್ಣ ಓದಲಿ. ಈಗ ಅವರಿಗೆ ಹೆದರುವುದಿಲ್ಲ.

ಶನಿವಾರ ಸಂಜೆ ನಿನ್ನ ಕಾಗದ ಸಿಕ್ಕಿತು. ನಿನ್ನೆ ಭಾನುವಾರ ಮೊದಲ ಬಸ್ಸಿಗೆ ಬಂದೆ. ಬರುವಾಗ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಎಷ್ಟೋ ಸಲ ಹೇಳಿಕೊಂಡಿದ್ದೆ. ನೀನು ಗೋಡೆ ಕಡೆ ತಿರುಗಿ ಮಲಗಿದ್ದೆ. ನಿನ್ನ ಕಾಲು ಅಷ್ಟು ಊದಿರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಉಸಿರಿಗೊಮ್ಮೆ ನಿನ್ನ ಬೆನ್ನು ಏಳುತ್ತಿತ್ತು. ನಿಮ್ಮವ್ವ, "ನೋಡವ್ವ, ನಿನ್ನ ಜೊತೆಗಾತಿ ಬಂದವ್ಳೆ, ಈ ಕಡೀಕ್ ತಿರುಗವ್ವ" ಎಂದರು. ನೀನು ತಿರುಗಲಿಲ್ಲ. ಅವರು ನನಗೆ ಕಾಫಿ ತಂದುಕೊಟ್ಟರು. ನಿನ್ನ ಹತ್ತಿರ ಕೂತು ಅದನ್ನು ಕುಡಿಯಲು ನನಗೆ ಆಗಲಿಲ್ಲ. ಆರಿ ಕೆನೆ ಕಟ್ಟಿತು.

ಆಮೇಲೆ ನೀನು, "ಬಂದ್ಯಾ. ಓಗು ಇನ್ನ, ಬಸ್ ತಪ್ಪೋಯ್ತದೆ" ಎಂದೆ. ನಾನು ಎದ್ದು ಬಂದೆ. ನಿನ್ನ ಹೆಗಲನ್ನಾದರೂ ಮುಟ್ಟಬೇಕಿತ್ತು.

ಮಂಗಳವಾರ ನಿನ್ನ ಸರದಿ, ಅವತ್ತಾದರೂ ಡಯಾಲಿಸಿಸ್‌ಗೆ ಹೋಗು ಎಂದು ಹೇಳಬೇಕೆಂದೇ ಬಂದಿದ್ದೆ. ಬಸ್ಸಿನಲ್ಲಿ ವಾಪಸು ಬರುವಾಗ ಯೋಚಿಸಿದೆ. ಹೋಗು ಎಂದರೆ ಯಾತಕ್ಕೆ ಎಂದು ನೀನು ಕೇಳುತ್ತೀಯ. ಸರಿಹೋಗುತ್ತದೆ ಎಂದು ಸುಳ್ಳು ಬರೆಯಲು ಆಗುವುದಿಲ್ಲ. ನೀನು ಇರಬೇಕು ಎಂಬುದು ಬಿಟ್ಟರೆ ನನಗೆ ಬೇರೆ ಏನೂ ತೋಚುವುದಿಲ್ಲ. ಅದಕ್ಕಾಗಿ ನೀನು ಅಷ್ಟು ನೋವು ತಿನ್ನಬೇಕೆಂದು ಹೇಳಲು ನಾನು ಯಾರು? ಆದರೂ ಹೇಳುತ್ತಿದ್ದೇನೆ. ಈ ಕಾಗದ ನಿನಗೆ ಸಿಗುವ ಹೊತ್ತಿಗೆ ಮಂಗಳವಾರ ಕಳೆದಿರುತ್ತದೆ ಎಂದೂ ನನಗೆ ಗೊತ್ತು. ಅದಕ್ಕೇ ನಿಮ್ಮಣ್ಣನಿಗೆ ಇವತ್ತು ಫೋನ್ ಮಾಡಿದೆ. "ಯಾರು?" ಎಂದರು. "ರೋಜಾ" ಎಂದೆ. "ಒಪ್ತಾಯಿಲ್ಲ ಕಣಮ್ಮ, ನಾ ಏನ್ ಮಾಡ್ಲಿ" ಎಂದು ಅವರೇ ಅತ್ತರು. ನಾನು ಫೋನ್ ಇಡಲಿಲ್ಲ, ಅವರು ಅತ್ತು ಮುಗಿಸುವವರೆಗೆ ಹಿಡಿದುಕೊಂಡೇ ಇದ್ದೆ.

ನಮ್ಮ ಲೈನಿಗೆ ಸುಬ್ಬಲಕ್ಷ್ಮಮ್ಮ ಎಂಬುವವರು ಹೊಸದಾಗಿ ಬಂದಿದ್ದಾರೆ. ಐವತ್ತು ದಾಟಿದವರು, ಕಾಲರ್ ಹೊಲಿಯಲು ಇನ್ನೂ ಕೈ ಓಡುವುದಿಲ್ಲ. ಇವತ್ತು ಬೆಳಿಗ್ಗೆ ಅವರು ಕಾಲು ಹೆಣೆದುಕೊಂಡು, ಹಲ್ಲು ಕಚ್ಚಿಕೊಂಡು ಹೊಲಿಯುತ್ತಿದ್ದರು. ರಾಜೇಂದ್ರ ಬಾತ್‌ರೂಮಿನ ಬಾಗಿಲಲ್ಲಿ ನಿಂತಿದ್ದ. "ನೀವು ಓಗ್ಬನ್ನಿ, ನಿಮ್ಮ ಪೀಸು ನಾ ಹೊಲಿತೀನಿ" ಎಂದೆ. "ಬ್ಯಾಡ ಕಣವ್ವ, ಅವ್ನು ನೋಡ್ತಾವ್ನೆ" ಎಂದರು. "ನೋಡ್ಲಿ ಬುಡಿ" ಎಂದೆ. ಅವರು ಎದ್ದು ಹೋದರು. ನಾನು ಅವರ ಸ್ಟೂಲಿಗೆ ಜರುಗಿ ಕೂತು, ಅವರು ವಾಪಸು ಬರುವವರೆಗೆ ಅವರ ಕಾಲರ್‌ಗಳನ್ನು ಹೊಲಿದೆ.

ರೋಜಾ